ನಮ್ಮ ಸಿಮಿಸ್ತ್ರಿಯ ಕಾಗುಣಿತ

ಆ ಪುಸ್ತಿಕೆಯ ಹನ್ನೊಂದನೆಯ ಪುಟದಲ್ಲಿ ನನ್ನ ಅಮ್ಮನನ್ನು ಬಿಳಿಯ ಹೆಂಗಸನ್ನಾಗಿ ಮಾಡಿದ್ದಾರೆ. ಯಾವನೋ ದೊರೆಯ ಹೆಂಡತಿಯಂತೆ. ಸೀಮೆಯಿಂದ ಹಡಗಿನಲ್ಲಿ ಬಂದವಳಂತೆ. ಮಲೆಜ್ವರ ಹಿಡಿದಾಗ ಗಂಡ ಇಲ್ಲಿಯೇ ಬಿಟ್ಟು ಹೊರಟುಹೋದದ್ದರಿಂದ ಕಾಡುಗುಡ್ಡದ ಮೇಲೆ ಒಂಟಿಯಾಗಿ ಪ್ರಾಣಬಿಟ್ಟಳಂತೆ. ಪಕ್ಕದಲ್ಲಿ ಅವಳ ಗೋರಿಯದೆಂದು ಒಂದು ಚಿತ್ರವಿದೆ. ಹುಲ್ಲಿನ ನಡುವೆ ನಿಂತ, ಅಂಚಿನಲ್ಲಿ ಬಳ್ಳಿಯ ಕೆತ್ತನೆಯಿರುವ ಆ ಕಪ್ಪು ಕಲ್ಲನ್ನು ಅಮ್ಮನ ತಲೆಯ ಬಳಿ ನೆಟ್ಟವನು ನನ್ನ ಅಪ್ಪ. ಅಮ್ಮ ಹಡಗಿರಲಿ, ರೈಲನ್ನೂ ನೋಡಿದವಳಲ್ಲ. ಮೂರನೆಯ ಹೆರಿಗೆಯಲ್ಲಿ, ಮನೆತುಂಬ ಜನರಿದ್ದಾಗ, ಅಪ್ಪ ಕೋಣೆಯ ಬಾಗಿಲ ಹೊರಗೆ ಕೈಕಟ್ಟಿ ನಿಂತಿದ್ದಾಗ ತೀರಿಕೊಂಡಳು. ಆಗ ನನಗೆ ಆರು ವರ್ಷ, ಅಕ್ಕನಿಗೆ ಹನ್ನೆರಡು.

ಪುಸ್ತಿಕೆ ಹೊರಬಂದು ಎಂಟು ವರ್ಷಗಳಾದವು. ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯ ನೋಡತಕ್ಕ ಸ್ಥಳಗಳ ಬಗೆಗಿನ ಪುಸ್ತಿಕೆ ಅದು. ನಮ್ಮ ಇಗರ್ಜಿಗೆ, ಎಂದರೆ ಚರ್ಚಿಗೆ, ಅದರಲ್ಲಿ ನಾಲ್ಕು ಪುಟ ಮೀಸಲು. ಆ ನಾಲ್ಕು ಪುಟಗಳಲ್ಲಿ ನಾನು ಕೆಂಪು ಶಾಯಿಯಿಂದ ಗುರುತು ಹಾಕಿದ ತಪ್ಪುಗಳು ಇಪ್ಪತ್ತಮೂರು. ಎಲ್ಲವನ್ನೂ ಇಲ್ಲಿ ಹೇಳಿ ಓದುವವರನ್ನು ದಣಿಸುವುದಿಲ್ಲ. ಆದರೆ ಎರಡನ್ನು ಹೇಳದೆ ಮುಂದೆ ಹೋಗಲಾರೆ.

ಮೊದಲನೆಯದು ಇಗರ್ಜಿಯ ಮಾಡಿನ, ಎಂದರೆ ಚಾವಣಿಯ, ತೊಲೆಗಳ ವಿಷಯ. ಪ್ರತಿ ತೊಲೆಯ ತುದಿಯಲ್ಲೂ ಉಳಿಯಿಂದ ಕಚ್ಚು ಹಾಕಿದ ಗೆರೆಗಳಿವೆ. ಎಡಗಡೆಯವಕ್ಕೆ ಓರೆಗೆರೆ, ಬಲಗಡೆಯವಕ್ಕೆ ನೆಟ್ಟಗಿನ ಗೆರೆ. ಪುಸ್ತಿಕೆಯ ಪ್ರಕಾರ ಅದು ಪೋರ್ಚುಗೀಸ್ ನಾವಿಕರ ಗುಪ್ತಲಿಪಿ. ನನ್ನ ಅಪ್ಪ ಬಡಗಿ. ಲಿಂಗನಮಕ್ಕಿ ಅಣೆಕಟ್ಟಿನ ನೀರು ನಮ್ಮ ಊರಿಗೆ ಬರುತ್ತದೆಂದು ಖಚಿತವಾದಾಗ ಇಗರ್ಜಿಯ ಮಾಡನ್ನು ಬಿಚ್ಚಿ, ಸರ್ಕಾರ ತೋರಿಸಿದ ಹೊಸ ಜಾಗಕ್ಕೆ ಲಾರಿಯಲ್ಲಿ ಸಾಗಿಸಿ, ಮತ್ತೆ ಜೋಡಿಸಿದವನು ಅವನು. ಅವನಿಗೆ ಓದು ಬರಹ ಬರುತ್ತಿರಲಿಲ್ಲ. ಯಾವ ತೊಲೆ ಯಾವ ಕಂಬದ ಮೇಲೆ ಕೂರಬೇಕೆಂದು ನೆನಪಿಡಲು ಮಾಡಿಕೊಂಡ ಗುರುತುಗಳವು. ಅವನು ಗೆರೆ ಎಣಿಸುವಾಗ ತುಟಿ ಅಲ್ಲಾಡುತ್ತಿತ್ತು. ನಡುವೆ ಯಾರಾದರೂ ಮಾತಾಡಿಸಿದರೆ ಸಿಟ್ಟಿನಿಂದ ಮೊದಲಿನಿಂದ ಎಣಿಸುತ್ತಿದ್ದ.

ಎರಡನೆಯದು ಸ್ಮಶಾನ. ಇಷ್ಟು ಹಳೆಯ ಇಗರ್ಜಿಗೆ ಸ್ಮಶಾನ ಅಷ್ಟು ದೂರ, ಅದೂ ಹಿನ್ನೀರಿನ ಆಚೆ, ಯಾಕಿದೆಯೆಂದು ಪ್ರಶ್ನೆ ಕೇಳಿಕೊಂಡು, ಪ್ಲೇಗಿನ ಭಯದಿಂದ ಬಿಳಿಯರು ಹೆಣಗಳನ್ನು ದೂರ ಸಾಗಿಸುತ್ತಿದ್ದರೆಂದು ಪುಸ್ತಿಕೆಯವರು ತಾವೇ ಉತ್ತರ ಕೊಟ್ಟುಕೊಂಡಿದ್ದಾರೆ. ಹಳೆಯ ಊರಿನಲ್ಲಿ ಇಗರ್ಜಿಯ ಹಿಂಬಾಗಿಲಲ್ಲಿ ನಿಂತು ಕೂಗಿದರೆ ಸ್ಮಶಾನದಲ್ಲಿ ಹೊಂಡ ತೋಡುವವನಿಗೆ ಕೇಳುತ್ತಿತ್ತು. ತಗ್ಗಿನಲ್ಲಿದ್ದ ಇಗರ್ಜಿ ಹದಿನಾಲ್ಕು ಮೈಲಿ ಈಚೆಗೆ ಬಂತು. ಗುಡ್ಡದ ಮೇಲಿದ್ದವರು ಅಲ್ಲಿಯೇ ಉಳಿದರು.

ನಮ್ಮ ಹಿರಿಯರು ಕರಾವಳಿಯಿಂದ ಘಟ್ಟ ಹತ್ತಿ ಬಂದ ಕೊಂಕಣಿ ಕ್ರೈಸ್ತರು. ನಾವು ಸ್ಮಶಾನಕ್ಕೆ ಸಿಮಿಸ್ತ್ರಿ ಎನ್ನುತ್ತೇವೆ. ಮುಳುಗಡೆಯ ಅಳತೆಯಾದ ಕಾಲದಿಂದಲೂ ಸರ್ಕಾರಿ ಕಾಗದಗಳಲ್ಲಿ ಆ ಗುಡ್ಡದ ಹೆಸರು ‘ಸೀಮೆಸ್ತ್ರೀ ಗುಡ್ಡ’ ಎಂದಿದೆ. ಸೀಮೆಎಣ್ಣೆಯ ಸೀಮೆ, ಹೆಂಗಸು ಎಂಬರ್ಥದ ಸ್ತ್ರೀ. ಆ ಎರಡು ಪದಗಳಿಂದ ಒಬ್ಬ ಬಿಳಿಯ ಹೆಂಗಸು ಹುಟ್ಟಿದಳು, ಅವಳಿಗೆ ಗಂಡ ಹುಟ್ಟಿದ, ಜ್ವರ ಹುಟ್ಟಿತು. ಮಲಗಲು ಒಂದು ಗೋರಿ ಬೇಕಾಯಿತು. ಗುಡ್ಡದ ಮೇಲಿನ ಮರದ ಶಿಲುಬೆಗಳನ್ನೆಲ್ಲ ಗೆದ್ದಲು ತಿಂದಿತ್ತು. ಕೆತ್ತನೆಯಿರುವ ಕಲ್ಲು ಇದ್ದದ್ದು ಒಂದೇ.

ಆ ಕಲ್ಲು ಹಳೆಯ ಇಗರ್ಜಿಯ ಹೊಸಿಲು. ಕೀಳುವಾಗ ಎರಡು ತುಂಡಾಯಿತು. ಸಾಗಿಸಿ ಪ್ರಯೋಜನವಿಲ್ಲವೆಂದು ಅಂದಿನ ಪಾದ್ರಿಗಳು ಬಿಟ್ಟುಬಿಡಲು ಹೇಳಿದಾಗ, ಅಪ್ಪ ಅರ್ಧ ತುಂಡನ್ನು ಕೇಳಿ ಪಡೆದು, ಇಬ್ಬರ ಸಹಾಯದಿಂದ ಗುಡ್ಡ ಹತ್ತಿಸಿ ಅಮ್ಮನ ತಲೆಯ ಬಳಿ ನೆಟ್ಟ. ಅಕ್ಷರ ಕೊರೆಯುವವರು ಯಾರೂ ಊರಿನಲ್ಲಿ ಉಳಿದಿರಲಿಲ್ಲ. ಸುಣ್ಣದಲ್ಲಿ ಅದ್ದಿದ ಕಡ್ಡಿಯಿಂದ ಅಕ್ಕ ಅಮ್ಮನ ಹೆಸರು ಬರೆದಳು. ಅದು ಒಂದೇ ಮಳೆಗಾಲಕ್ಕೆ ಹೋಯಿತು. ಆ ಹೆಸರನ್ನು ನಾನು ಇಲ್ಲಿ ಬರೆಯುತ್ತಿಲ್ಲ. ಕಲ್ಲಿನ ಮೇಲೆ ಬರುವ ಮೊದಲು ಕಾಗದದ ಮೇಲೆ ಬರುವುದು ಬೇಡವೆಂದು ಎಂಟು ವರ್ಷ ಹಟ ಹಿಡಿದು ಕುಳಿತವನು ನಾನು.

ನಾನು ಸಾಗರದ ಒಂದು ಮುದ್ರಣಾಲಯದಲ್ಲಿ ಮೂವತ್ತನಾಲ್ಕು ವರ್ಷ ಕರಡು ತಿದ್ದಿದವನು. ಮದುವೆಯ ಕಾಗದ, ಸಹಕಾರ ಸಂಘದ ವರದಿ, ಕವನ ಸಂಕಲನ, ಯಾವುದೇ ಆಗಲಿ, ನನ್ನ ಕಣ್ಣು ದಾಟದೆ ಯಂತ್ರಕ್ಕೆ ಹೋಗುತ್ತಿರಲಿಲ್ಲ. ಈ ಪುಸ್ತಿಕೆ ಅಚ್ಚಾದದ್ದು ಅದೇ ಮುದ್ರಣಾಲಯದಲ್ಲಿ, ನಾನು ನಿವೃತ್ತನಾದ ಮರುವರ್ಷ. ನನ್ನ ಹಳೆಯ ಮೇಜಿನ ಮೇಲೆಯೇ ಆ ಕರಡು ಬಿದ್ದಿದ್ದಿರಬೇಕು. ಮಾಲೀಕನಿಗೆ ನನ್ನ ಊರು ಗೊತ್ತು, ಅಮ್ಮನ ವಿಷಯ ಗೊತ್ತು. ಒಂದು ಮಾತು ಕೇಳಬಹುದಿತ್ತು. ಕೇಳಲಿಲ್ಲ.

ಪುಸ್ತಿಕೆ ಬರೆದವರು ನಿವೃತ್ತ ಉಪನ್ಯಾಸಕರು. ನಾನು ಮೂರು ಪತ್ರ ಬರೆದೆ. ಮೊದಲನೆಯದಕ್ಕೆ ಉತ್ತರವಿಲ್ಲ. ಎರಡನೆಯದಕ್ಕೆ ‘ನಿಮ್ಮ ಭಾವನೆಗಳನ್ನು ಗೌರವಿಸುತ್ತೇನೆ’ ಎಂಬ ಒಂದು ಸಾಲು. ಮೂರನೆಯದಕ್ಕೂ ಉತ್ತರ ಬಾರದಿದ್ದಾಗ ಮನೆಗೇ ಹೋದೆ. ಜಗಲಿಯಲ್ಲಿ ಇನ್ನೊಬ್ಬ ಅತಿಥಿ ಕುಳಿತಿದ್ದರು. ಕಾಫಿ ಬಂತು: ಅವರಿಗೆ ಪಿಂಗಾಣಿ ಕಪ್ಪಿನಲ್ಲಿ, ನನಗೆ ಕಾಗದದ ಲೋಟದಲ್ಲಿ. ನಾನು ಕುಡಿಯಲಿಲ್ಲ. ಅದನ್ನು ಅವರು ಗಮನಿಸಲೂ ಇಲ್ಲ.

“ಜನ ಹೇಳಿದ್ದನ್ನ ನಾನು ಬರ್ದೆ, ಅಷ್ಟೇ” ಎಂದರು ಉಪನ್ಯಾಸಕರು.

“ಯಾವ ಜನ?”

“ಹಿನ್ನೀರು ದಾಟಿಸೋ ಲಾಂಚಿನವ್ರು, ಅಲ್ಲಿ ದನ ಮೇಯಿಸೋರು.”

“ಅವರಿಗೆ ಹೇಳಿದವರು ಯಾರು? ಆ ಕಲ್ಲಿನ ಕೆಳಗಿರುವುದು ನನ್ನ ತಾಯಿ.”

“ಎಂತ ಮಾರಾಯ್ರೆ ನೀವು! ಸರ್ಕಾರದ ದಾಖಲೆಯಲ್ಲೇ ಸೀಮೆಸ್ತ್ರೀ ಅಂತ ಇದೆ. ಅದೂ ಸುಳ್ಳಾ? ನಿಮ್ಮ ತಾಯಿದು ಅಲ್ಲೇ ಎಲ್ಲೋ ಪಕ್ಕದಲ್ಲಿ ಇದ್ದಿರ್ಬೋದು. ಆರು ವರ್ಷದ ಹುಡುಗಂಗೆ ಎಂತ ನೆನಪಿರ್ತದೆ?”

ಅತಿಥಿ ನಕ್ಕರು. ನಾನು ಎದ್ದು ಬಂದೆ.

ಇಗರ್ಜಿಯ ಈಗಿನ ಪಾದ್ರಿಗಳು ವಯಸ್ಸಿನಲ್ಲಿ ನನ್ನ ಮೊಮ್ಮಗನಂಥವರು, ಒಳ್ಳೆಯವರು. ಅವರ ಬಳಿಗೂ ಹೋದೆ. ಹಳೆಯ ಮರಣ ದಾಖಲೆಯ ಪುಸ್ತಕವಿದ್ದರೆ ಸಾಕಿತ್ತು. ಹೊಸ ಇಗರ್ಜಿ ಏಳುವ ತನಕ ಅದನ್ನು ಇಟ್ಟಿದ್ದ ಪೆಟ್ಟಿಗೆಯೊಳಗೇ ಗೆದ್ದಲು ಹಿಡಿದಿತ್ತೆಂದು ಅವರಿಗೂ ಗೊತ್ತು. “ಬಿಡಿ ಅಜ್ಜ” ಎಂದರು. “ಆ ಮೇಡಮ್ಮನ ನೆಪದಲ್ಲಾದ್ರೂ ನಾಲ್ಕು ಜನ ಹೋಗ್ತಾರೆ, ಅಲ್ಲಿ ಹುಲ್ಲು ತೆಗೀತಾರೆ. ಇಲ್ದಿದ್ರೆ ನಾವು ಯಾರು ಹೋಗ್ತೇವೆ ಹೇಳಿ?” ಅವರು ಹೇಳಿದ್ದು ನಿಜವಾಗಿತ್ತು. ಹಾಗಾಗಿಯೇ ನನಗೆ ಅದು ಉಳಿದೆಲ್ಲ ಮಾತುಗಳಿಗಿಂತ ಹೆಚ್ಚು ಚುಚ್ಚಿತು. ಹೊಸ ಊರಿನಲ್ಲಿ ಇಗರ್ಜಿಯ ಹಿಂದೆಯೇ ಜಾಗ ಸಿಕ್ಕಮೇಲೆ ಗುಡ್ಡದವರನ್ನು ನಾವೆಲ್ಲರೂ ವರ್ಷಕ್ಕೊಮ್ಮೆ ನೆನೆಯುವವರಾಗಿದ್ದೆವು. ಆಮೇಲೆ ಲಾಂಚಿನ ಸಮಯ ಹೊಂದುವುದಿಲ್ಲವೆಂದು ಅದನ್ನೂ ಬಿಟ್ಟೆವು. ನಾನು ನಡುವೆ ಒಂಬತ್ತು ವರ್ಷ ಹೋಗಿರಲಿಲ್ಲ.

ಈ ವರ್ಷದ ಆರಂಭದಲ್ಲಿ ಸ್ಥಳೀಯರ ಸಮಿತಿಯೊಂದು ಅಲ್ಲಿ ಕಲ್ಲಿನ ಫಲಕ ನಿಲ್ಲಿಸಲು ನಿರ್ಧರಿಸಿತು. ಬಿಳಿಯ ಹೆಂಗಸಿನ ಕಥೆಯನ್ನು ಗ್ರಾನೈಟಿನಲ್ಲಿ ಕೊರೆಸಿ ಅಮ್ಮನ ಕಲ್ಲಿನ ಎದುರಿಗೇ ನೆಡುವುದೆಂದು ಠರಾವಾಯಿತು. ಕಾಗದವಾದರೆ ಹರಿಯುತ್ತದೆ, ಮರೆಯಾಗುತ್ತದೆ. ಗ್ರಾನೈಟು ನನ್ನ ಕಾಲದ ಆಚೆಗೂ ಇರುತ್ತದೆ. ನಾನು ಸತ್ತಮೇಲೆ ಆ ಕಲ್ಲಿನ ಕೆಳಗೆ ಯಾರಿದ್ದಾರೆಂದು ಹೇಳುವವರು ಅಕ್ಕನನ್ನು ಬಿಟ್ಟರೆ ಯಾರೂ ಇಲ್ಲ, ಅಕ್ಕನಿಗೆ ಎಂಬತ್ತು.

ಆಕ್ಷೇಪಣೆಯ ಅರ್ಜಿ ಹಿಡಿದು ತಾಲ್ಲೂಕು ಕಚೇರಿಗೆ ಹೋದೆ. ಹಳೆಯ ಕಡತಗಳನ್ನು ನೋಡಿಕೊಳ್ಳುವ ಹೆಣ್ಣುಮಗಳು ಅರ್ಜಿಯನ್ನು ಎರಡು ಸಲ ಓದಿದಳು. ಆ ಕಚೇರಿಯಲ್ಲಿ ನನಗೆ ಕುರ್ಚಿ ಕೊಟ್ಟವಳು ಅವಳೊಬ್ಬಳೇ.

“ಸರ್, ಯಾರೋ ಗುಮಾಸ್ತ ಕೇಳಿಸಿಕೊಂಡದ್ದನ್ನ ತಪ್ಪಾಗಿ ಬರೆದ ಅಂತೀರಲ್ಲ, ಅದಕ್ಕೆ ಎಂತ ಆಧಾರ?”

“ಅವನಿಗೆ ಕೊಂಕಣಿ ಬರುತ್ತಿರಲಿಲ್ಲ. ಕಿವಿಗೆ ಬಿದ್ದದ್ದನ್ನು ಗೀಚಿದ್ದಾನೆ. ಕೇಳಿ ತಿಳಿದುಕೊಳ್ಳುವ ಸೌಜನ್ಯವಿಲ್ಲದ ಮನುಷ್ಯ.”

“ಆಗಿನ ಮೂಲ ಕಾಗದ ಹುಡುಕ್ತೇನೆ. ಅದ್ರಲ್ಲಿ ಬೇರೆ ಇದ್ರೆ ತಿದ್ದುವಾ. ಹದಿನೈದು ದಿನ ಬಿಟ್ಟು ಬನ್ನಿ.”

ಹದಿನೈದು ದಿನ ನಾನು ಆ ಗುಮಾಸ್ತನ ಮೇಲೆ ಇನ್ನಷ್ಟು ಕೋಪ ಬೆಳೆಸಿಕೊಂಡೆ. ಎಂಟು ವರ್ಷಗಳಿಂದ ಅವನೊಡನೆ ಜಗಳವಾಡುತ್ತಲೇ ಇದ್ದವನು ನಾನು. ಅವನಿಗೆ ಒಂದು ಮುಖ ಕೊಟ್ಟಿದ್ದೆ, ಕಪ್ಪು ಟೋಪಿ ಕೊಟ್ಟಿದ್ದೆ, ಎಲೆಯಡಿಕೆ ತುಂಬಿದ ಬಾಯಿ ಕೊಟ್ಟಿದ್ದೆ.

ಮತ್ತೆ ಹೋದಾಗ ಆ ಹೆಣ್ಣುಮಗಳು ಕಡತ ಹುಡುಕಿಟ್ಟಿದ್ದಳು. ದಾರ ಬಿಚ್ಚಿ, ಒಂದು ಹಾಳೆಯ ಮೇಲೆ ಬೆರಳಿಟ್ಟು, “ಇದು ನೋಡಿ ಸರ್, ಇಗರ್ಜಿಯವ್ರೇ ಕೊಟ್ಟ ಅರ್ಜಿ. ಇದ್ರಲ್ಲೇ ಹಾಗಿದೆ. ಗುಮಾಸ್ತ ಪಾಪ ಇದ್ದದ್ದನ್ನ ಇದ್ದ ಹಾಗೆ ಇಳಿಸಿಕೊಂಡಿದ್ದಾನೆ” ಎಂದಳು.

ಶಾಲೆಯ ನೋಟುಬುಕ್ಕಿನಿಂದ ಹರಿದ ಹಾಳೆ. ಎಡಗಡೆ ಪೆನ್ಸಿಲಿನಿಂದ ಎಳೆದ ಅಂಚುಗೆರೆ. ದುಂಡಗಿನ ಅಕ್ಷರ, ಒತ್ತಕ್ಷರಗಳಿಗೆ ಅಗತ್ಯಕ್ಕಿಂತ ಉದ್ದನೆಯ ಬಾಲ. ಕೆಳಗೆ ಅಪ್ಪನ ಹೆಬ್ಬೆಟ್ಟಿನ ಗುರುತು. ಸಾಲುಗಳು ಹೀಗಿದ್ದವು: ‘ನಮ್ಮ ಇಗರ್ಜಿಯು ಮುಳುಗುತ್ತದೆ. ಸೀಮೆಸ್ತ್ರೀಯು ಗುಡ್ಡದ ಮೇಲೆ ಇರುವುದರಿಂದ ಮುಳುಗುವುದಿಲ್ಲ. ಆದ್ದರಿಂದ ಸೀಮೆಸ್ತ್ರೀಯನ್ನು ಯಾರೂ ಮುಟ್ಟದಂತೆ ಅಪ್ಪಣೆ ಮಾಡಬೇಕೆಂದು ಬೇಡಿಕೊಳ್ಳುತ್ತೇವೆ.’

ಒಬ್ಬ ಕರಡು ತಿದ್ದುವವನಿಗೆ ಕೈಬರಹ ಗುರುತಿಸಲು ಎರಡನೆಯ ನೋಟ ಬೇಕಾಗುವುದಿಲ್ಲ. ಆ ಉದ್ದ ಬಾಲದ ಒತ್ತಕ್ಷರವನ್ನು ನಾನು ಈಗಲೂ ಹಾಗೆಯೇ ಬರೆಯುತ್ತೇನೆ. ಬಡಗಿಯ ಕೆಲಸದ ನಡುವೆ ಅಪ್ಪ ನನ್ನನ್ನು ಕರೆದು ಕೂರಿಸಿ, ತಾನು ಹೇಳುತ್ತ ನನ್ನಿಂದ ಬರೆಸಿದ್ದು ಮಸುಕಾಗಿ ನೆನಪಾಯಿತು. ಮರದ ಪುಡಿಯ ಮೇಲೆ ಕುಳಿತು ಬರೆದದ್ದು, ಹಾಳೆಯ ಮೇಲೆ ಬಿದ್ದ ಪುಡಿಯನ್ನು ಅಪ್ಪ ಊದಿದ್ದು ನೆನಪಾಯಿತು. ಆ ಪದ ಮಾತ್ರ ನೆನಪಿಗೆ ಬರಲಿಲ್ಲ.

ಆ ಹೆಣ್ಣುಮಗಳಿಗೆ ತಿಳಿದಿರಲಿಲ್ಲ. ನಾನು ಸುಮ್ಮನೆ ಎದ್ದು ಬರಬಹುದಿತ್ತು.

“ಇದನ್ನು ಬರೆದವನು ನಾನು” ಎಂದೆ. “ಆಗ ಆರನೆಯ ತರಗತಿಯಲ್ಲಿದ್ದೆ. ಕಾಗುಣಿತ ತಪ್ಪು.”

ಅವಳು ಹಾಳೆಯನ್ನೂ ನನ್ನನ್ನೂ ನೋಡಿದಳು. ನಗಲಿಲ್ಲ. “ಹಾಗಾದ್ರೆ ಅದನ್ನೇ ಬರ್ದು ಕೊಡಿ ಸರ್. ಮೇಲಿನವ್ರು ಒಪ್ತಾರೋ ಇಲ್ವೋ ನಂಗೆ ಗೊತ್ತಿಲ್ಲ. ಹೆಬ್ಬೆಟ್ಟು ಒತ್ತಿದ ಕಾಗದ ಅಲ್ವಾ, ಕಷ್ಟ.”

ನಾನು ಮನೆಗೆ ಹೋಗದೆ ನೇರವಾಗಿ ತೀರ್ಥಹಳ್ಳಿಯ ಬಸ್ಸು ಹತ್ತಿದೆ. ಅಕ್ಕ ಅಲ್ಲಿ ಮಗಳ ಮನೆಯಲ್ಲಿದ್ದಾಳೆ. ಕಣ್ಣು ಬಹುತೇಕ ಕಾಣುವುದಿಲ್ಲ. ಕೈಯಲ್ಲಿ ಜಪಸರ ಹಿಡಿದು ಕುಳಿತಿದ್ದಳು. ಹೋದವನೇ, ನಮಸ್ಕಾರವನ್ನೂ ಹೇಳದೆ, ಕಡತದ ವಿಷಯ ಹೇಳಿದೆ. ನಮ್ಮ ಮನೆಮಾತು ಕೊಂಕಣಿಯಾದರೂ ತೀರ್ಥಹಳ್ಳಿ ಸೇರಿದ ಮೇಲೆ ಅಕ್ಕನ ಬಾಯಲ್ಲಿ ಕನ್ನಡವೇ ಹೆಚ್ಚು.

“ಈಗ ಗೊತ್ತಾಯ್ತನಾ ನಿಂಗೆ?” ಎಂದಳು.

“ನಿನಗೆ ಗೊತ್ತಿತ್ತೇ?”

“ಗೊತ್ತಿಲ್ದೆ ಎಂತ? ಅಮ್ಮ ಹೋದ ಮೇಲೆ ದಿನಾ ಕೇಳ್ತಿದ್ದಿ, ಅಮ್ಮ ಎಲ್ಲಿ, ಅಮ್ಮ ಎಲ್ಲಿ ಅಂತ. ಎಲ್ರೂ ಸಿಮಿಸ್ತ್ರಿ, ಸಿಮಿಸ್ತ್ರಿ ಅಂತ ಗುಡ್ಡ ತೋರ್ಸೋರು. ನೀನು ಅದು ಅಮ್ಮಂಗೆ ಸತ್ತ ಮೇಲೆ ಇಟ್ಟ ಹೆಸ್ರು ಅಂದ್ಕೊಂಡಿ. ಆಮೇಲೆ ಶಾಲೆಗೆ ಹೋಗಿ ಬಂದು ನಂಗೆ ಅರ್ಥ ಬೇರೆ ಹೇಳಿದ್ದಿ. ಸೀಮೆ ಅಂದ್ರೆ ಊರಿನ ಗಡಿ, ಸ್ತ್ರೀ ಅಂದ್ರೆ ಹೆಂಗಸು. ಊರಿನ ಗಡಿ ಮೇಲೆ ಕೂತ ಹೆಂಗಸು, ನಮ್ಮಮ್ಮ ಅಂತ.”

ಯಾರು ಯಾವಾಗ ಯಾವ ಲೋಟದಲ್ಲಿ ಕಾಫಿ ಕೊಟ್ಟರೆಂಬುದು ನನಗೆ ನೆನಪಿದೆ. ಮಾಲೀಕನು ಯಾವ ಹಬ್ಬಕ್ಕೆ ರಜೆ ನಿರಾಕರಿಸಿದನೆಂಬುದು ನೆನಪಿದೆ. ಈ ಮಾತು ಒಂದಿಷ್ಟೂ ನೆನಪಿರಲಿಲ್ಲ.

“ಯಾಕೆ ಹೇಳಲಿಲ್ಲ? ಎಂಟು ವರ್ಷ ನಾನು ಊರೂರು ಅಲೆದೆ.”

“ಹೇಳಿದ್ರೆ ನನ್ನ ಹತ್ರಾನೂ ಮಾತು ಬಿಡ್ತಿದ್ದಿ. ಆ ಪ್ರೆಸ್ಸಿನವನ ಹತ್ರ ಬಿಟ್ಯಲ್ಲ, ಹಾಗೆ. ಇರೋಳು ನಾನೊಬ್ಳು.” ಜಪಸರದ ಒಂದು ಮಣಿ ಸರಿಸಿ ಅವಳೇ ಹೇಳಿದಳು: “ತಪ್ಪು ಅಂತ ಹೇಳ್ಲಿಕ್ಕೆ ನಂಗೂ ಬಾಯಿ ಬರ್ಲಿಲ್ಲ. ಅವತ್ತೂ ಬರ್ಲಿಲ್ಲ. ಅಪ್ಪಂಗಂತೂ ಓದ್ಲಿಕ್ಕೆ ಬರ್ತಿರ್ಲಿಲ್ಲ. ನೀನು ಬರೆದದ್ದನ್ನ ನಾನೇ ಓದಿದ್ದು. ಇರ್ಲಿ ಅಂತ ಬಿಟ್ಟೆ.”

ಹದಿನೆಂಟರ ಹುಡುಗಿ, ತಾಯಿಯ ಜಾಗದಲ್ಲಿ ನಿಂತು ಅಡುಗೆ ಮಾಡುತ್ತಿದ್ದವಳು, ತಮ್ಮನ ಹಾಳೆಯನ್ನು ಓದಿ ಒಂದು ತಪ್ಪನ್ನು ಬಿಟ್ಟಿದ್ದಳು. ನಾನಾದರೆ ತಿದ್ದುತ್ತಿದ್ದೆ.

ಅರ್ಜಿ ಬರೆಯಲು ನನಗೆ ನಾಲ್ಕು ದಿನ ಬೇಕಾಯಿತು. ಜೀವನದಲ್ಲಿ ಅಷ್ಟು ಕಷ್ಟಪಟ್ಟು ಯಾವ ಪುಟವನ್ನೂ ತಯಾರಿಸಿಲ್ಲ. ಸದರಿ ಪದ ಸ್ಮಶಾನ ಎಂಬರ್ಥದ ಸಿಮಿಸ್ತ್ರಿ. ಅದನ್ನು ಸೀಮೆಸ್ತ್ರೀ ಎಂದು ತಪ್ಪಾಗಿ ಬರೆದವನು ನಾನೇ. ಕೆತ್ತನೆಯ ಕಲ್ಲು ಹಳೆಯ ಇಗರ್ಜಿಯ ಹೊಸಿಲಿನ ತುಂಡು. ಅದರ ಕೆಳಗಿರುವುದು ಬಡಗಿಯೊಬ್ಬನ ಹೆಂಡತಿ, ನನ್ನ ತಾಯಿ. ಹೆಸರು ಗುಡ್ಡಕ್ಕೆ ಹಾಗೆಯೇ ಉಳಿಯುವುದಾದರೆ ಉಳಿಯಲಿ, ಕಥೆಯನ್ನು ಕೊರೆಯಬೇಡಿ, ತಾಯಿಯ ಹೆಸರನ್ನು ಕೊರೆಯಿರಿ ಎಂದು ಕೇಳಿದೆ. ಹೆಸರನ್ನು ಅರ್ಜಿಯಲ್ಲಿ ದಪ್ಪ ಅಕ್ಷರದಲ್ಲಿ ಬರೆದೆ. ಅಕ್ಕನ ಸಹಿಯನ್ನೂ ಹಾಕಿಸಿದೆ. ಅದು ಸಾಲು ಬಿಟ್ಟು ಓರೆಯಾಗಿ ಹೋಯಿತು.

ಎರಡು ತಿಂಗಳಿಗೆ ಕಚೇರಿಯಿಂದ ಹಿಂಬರಹ ಬಂತು. ‘ಪರಿಶೀಲಿಸಲಾಗಿ, ಹೆಸರು ಮೂಲ ದಾಖಲೆಗೆ ಅನುಗುಣವಾಗಿರುತ್ತದೆ. ಅರ್ಜಿದಾರರ ಹೇಳಿಕೆಗೆ ಪೂರಕ ದಾಖಲೆ ಇರುವುದಿಲ್ಲ.’ ಒಂದು ಅಕ್ಷರದ ತಪ್ಪೂ ಇರಲಿಲ್ಲ.

ಫಲಕ ನಿಂತಿತು. ಸಮಾರಂಭಕ್ಕೆ ನನಗೆ ಆಮಂತ್ರಣ ಬಂತು, ವಿಳಾಸದಲ್ಲಿ ಹೆಸರು ತಪ್ಪಾಗಿತ್ತು. ಹೋಗಲಿಲ್ಲ.

ಸಕಲ ಮೃತರ ಸ್ಮರಣೆಯ ದಿನ ಮಾತ್ರ ಹೋದೆ. ಲಾಂಚಿನವನು ನನ್ನನ್ನು ಗುರುತಿಸುತ್ತಾನೆ. “ಏನು ಪೊರ್ಬುಗಳೇ, ಮೇಮ್‌ಸಾಬ್ ನೋಡ್ಲಿಕ್ಕೆ ಬಂದ್ರಾ?” ಎಂದು, ಕೊಂಕಣಿ ಕ್ರೈಸ್ತರನ್ನು ಊರವರು ಕರೆಯುವ ರೀತಿಯಲ್ಲಿ ಕರೆದು, ಎಂದಿನಂತೆ ಕೆಣಕಿದ. ಹಿಂದೆ ಒಮ್ಮೆ ಇದೇ ಮಾತಿಗೆ ಅವನೊಡನೆ ದಡ ಮುಟ್ಟುವವರೆಗೂ ವಾದಿಸಿದ್ದೆ. ಈ ಸಲ ಹೌದೆಂದೆ. ಅವನಿಗೆ ಸಪ್ಪೆಯಾಯಿತು.

ಗುಡ್ಡದ ಮೇಲೆ ನಾಲ್ವರು ಹೆಂಗಸರಿದ್ದರು. ಹೆಗ್ಗೋಡಿಗೆ ನಾಟಕ ನೋಡಲು ಬಂದವರು ಹಿನ್ನೀರು ನೋಡಿಕೊಂಡು ಹೋಗಲು ಬಂದಿದ್ದರಂತೆ. ಒಬ್ಬಳು ಫಲಕವನ್ನು ಗಟ್ಟಿಯಾಗಿ ಓದುತ್ತಿದ್ದಳು. ಗಂಡ ಬಿಟ್ಟುಹೋದ ಭಾಗ ಬಂದಾಗ ಉಳಿದವರು ಛೇ ಎಂದರು. ಅವರ ನೀರಿನ ಬಾಟಲಿ, ತಿಂಡಿಯ ಚೀಲ ಅಮ್ಮನ ಕಲ್ಲಿನ ಮೇಲಿದ್ದವು.

ಬುಡದ ಹುಲ್ಲನ್ನು ಯಾರೋ ನಿಜವಾಗಿಯೂ ಸವರಿದ್ದರು. ಒಂದು ಕಡೆ ಯಾರೋ ಇಟ್ಟ ಹಸಿರು ಬಳೆಗಳು, ಒಣಗಿದ ಸೇವಂತಿಗೆ. ನಾನು ಮೊಣಕಾಲೂರಿ ನನ್ನದೊಂದು, ಅಕ್ಕನ ಹೆಸರಿನಲ್ಲೊಂದು ಮೇಣದ ಬತ್ತಿ ಹಚ್ಚಿದೆ. ಗಾಳಿಗೆ ಎರಡು ಸಲ ಆರಿತು. ಮೂರನೆಯ ಸಲ ಆ ಹೆಂಗಸರಲ್ಲಿ ಚಿಕ್ಕವಳು ಬಂದು ಕೈ ಅಡ್ಡ ಹಿಡಿದಳು.

“ನಿಮಗೆ ಇವ್ರ ಕಥೆ ಗೊತ್ತಾ ಅಂಕಲ್? ಯಾರಿವ್ರು?”

“ನನ್ನ ಅಮ್ಮ.”

ಅವಳು ಫಲಕದ ಕಡೆ ನೋಡಿದಳು, ನನ್ನ ಬಣ್ಣ ನೋಡಿದಳು. “ಅಂದ್ರೆ... ನೀವು ಫಾರಿನ್ನವ್ರಾ?”

ಹಿಂದೆ ನಿಂತವಳೊಬ್ಬಳು ಕಿಸಕ್ಕೆಂದು ನಕ್ಕಳು. ನನ್ನಲ್ಲಿ ಅದಕ್ಕೆ ಉತ್ತರವಿತ್ತು. ಹೊಸಿಲಿನಿಂದ ಹಿಡಿದು ಹಿಂಬರಹದವರೆಗೆ ಒಂದೂ ಬಿಡದೆ ಕ್ರಮವಾಗಿ ಹೇಳಬಲ್ಲ ಉತ್ತರ. ಬಾಯಿ ತೆರೆದೆ. ಅಮ್ಮನ ಹೆಸರನ್ನು ಮಾತ್ರ ಹೇಳಿದೆ, ಅದೂ ಅರ್ಧ ಕೇಳುವಂತೆ.

ಚಿಕ್ಕವಳಿಗೆ ಏನು ಅರ್ಥವಾಯಿತೋ ತಿಳಿಯದು. ಎದ್ದು ನಿಂತು, ಕಲ್ಲಿನ ಮೇಲಿದ್ದ ಚೀಲವನ್ನೂ ಬಾಟಲಿಯನ್ನೂ ಎತ್ತಿಕೊಂಡು ಉಳಿದವರಿಗೆ, “ಬನ್ನಿ, ಆ ಕಡೆ ಕೂತ್ಕೊಳ್ಳೋಣ” ಎಂದಳು.